ಎರವಲು ತಂದ ಸಿರೆ

ಚಿಕ್ಕೋಡಿ ತಾಲೂಕಿನ ಕರೋಶಿಯಂತಹ ಊರುಗಳಲ್ಲಿ ಇಂದು 'ಬಾಯಪಾಸ್' ಎಂಬ ಮಾತು ಯಾರಿಗೂ ಹೊಸದಲ್ಲ. ಕಬ್ಬಿನ ಬಿಲ್ಲು, ಮಳೆಯ ಸುದ್ದಿ, ಮಕ್ಕಳ ಮದುವೆ—ಇವುಗಳ ನಡುವೆ ಅದೂ ಒಂದು ಮಾತಾಗಿ ಬಂದು ಹೋಗುತ್ತದೆ. "ಕಾಲಾನ ನರಾ ತಗದು ಎದಿಗೆ ಜೋಡಿಸ್ಯಾರ, ಇನ್ನೇನೂ ಅಂಜಿಕಿ ಇಲ್ಲ" ಎಂದು ಕಟ್ಟೆಯ ಮೇಲೆ ಕುಳಿತ ಹಿರಿಯರು ಹೇಳುವುದುಂಟು. ಈ ವಾಕ್ಯದ ಮೊದಲ ಅರ್ಧದಲ್ಲಿ ಒಂದು ಸಣ್ಣ ತಪ್ಪಿದೆ. ಎರಡನೆಯ ಅರ್ಧದಲ್ಲಿ ಒಂದು ದೊಡ್ಡ ತಪ್ಪಿದೆ.

ಸಣ್ಣ ತಪ್ಪು ಭಾಷೆಗೆ ಸಂಬಂಧಿಸಿದ್ದು. ನರವೆಂದರೆ ಮಿದುಳಿನ ಅಪ್ಪಣೆಯನ್ನು ಅಂಗಾಂಗಗಳಿಗೂ ಅಂಗಾಂಗಗಳ ನೋವನ್ನು ಮಿದುಳಿಗೂ ಒಯ್ಯುವ ತಂತು. ಅದರಲ್ಲಿ ರಕ್ತ ಹರಿಯುವುದಿಲ್ಲ. ಕಾಲಿನಿಂದ ತೆಗೆದು ಎದೆಗೆ ಜೋಡಿಸುವುದು ಸಿರೆಯನ್ನು. ಹೃದಯದಿಂದ ರಕ್ತವನ್ನು ಹೊರಗೆ ಒಯ್ಯುವ ನಾಳ ಧಮನಿ. ಹೃದಯಕ್ಕೆ ಮರಳಿ ತರುವ ನಾಳ ಸಿರೆ. ಇಷ್ಟು ತಿಳಿದರೆ ಮುಂದಿನ ಕಥೆಯೆಲ್ಲ ಸುಲಭವಾಗಿ ಅರ್ಥವಾದೀತು.

ದೊಡ್ಡ ತಪ್ಪು 'ಇನ್ನೇನೂ ಅಂಜಿಕೆ ಇಲ್ಲ' ಎಂಬುದು. ಜೋಡಿಸಿದ ಸಿರೆಯೂ ಸಂಕುಚಿತವಾಗಬಹುದು, ಮುಚ್ಚಿಯೂ ಹೋಗಬಹುದು. ಅದು ಏಕೆ ಹಾಗಾಗುತ್ತದೆ, ಹಾಗಾದರೆ ವೈದ್ಯರು ಏನು ಮಾಡುತ್ತಾರೆ, ಹಾಗಾಗದಂತೆ ಮನೆಯವರು ಏನು ಮಾಡಬೇಕು—ಇದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹೃದಯದ ಹೊಟ್ಟೆಪಾಡು

ಮುಷ್ಟಿಯಷ್ಟು ಗಾತ್ರದ ಹೃದಯ ದಿನವೊಂದಕ್ಕೆ ಸುಮಾರು 1 ಲಕ್ಷ ಸಲ ಮಿಡಿಯುತ್ತದೆ. ಮೈಗೆಲ್ಲ ರಕ್ತವನ್ನು ಹಂಚುವ ಈ ದಾನಿಗೆ ತನ್ನದೇ ಆದ ಹಸಿವೂ ಉಂಟು. ತನ್ನ ಕೋಣೆಗಳಲ್ಲಿ ತುಂಬಿ ಹರಿಯುವ ರಕ್ತದಿಂದ ಅದು ನೇರವಾಗಿ ಉಣ್ಣಲಾರದು. ಮಹಾಧಮನಿಯ ಬುಡದಿಂದ ಹೊರಟು ಹೃದಯದ ಮೈಮೇಲೆ ಕವಲೊಡೆದು ಹಬ್ಬುವ ಎರಡು ಸಣ್ಣ ಧಮನಿಗಳೇ ಅದಕ್ಕೆ ಅನ್ನದ ದಾರಿ. ಹೃದಯಕ್ಕೆ ಕಿರೀಟದಂತೆ ಸುತ್ತಿಕೊಂಡಿರುವುದರಿಂದ ಇವುಗಳಿಗೆ ಕಿರೀಟಧಮನಿಗಳೆಂದು ಹೆಸರು. ಇವುಗಳ ಒಳ ಅಗಲ 3–4 ಮಿಲಿಮೀಟರು ಮಾತ್ರ. ಈ ಇಕ್ಕಟ್ಟಿನ ಒಳಗೋಡೆಯಲ್ಲಿ ಕೊಬ್ಬು ಸೇರಿ ಗಡ್ಡೆಗಟ್ಟಿದಾಗ ನಾಲ್ಕು ಹೆಜ್ಜೆ ನಡೆದರೂ ಎದೆ ಹಿಡಿದಂತಾಗುತ್ತದೆ. ಗಡ್ಡೆ ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ.

ಕಾಲುವೆಯ ನೀರನ್ನು ನಂಬಿ ಬದುಕುವ ನಮ್ಮ ಸೀಮೆಯವರಿಗೆ ಇದರ ಉಪಾಯ ಹೊಳೆಯುವುದು ಕಷ್ಟವಲ್ಲ. ಹೂಳು ತುಂಬಿ ಕಾಲುವೆ ಕಟ್ಟಿಕೊಂಡಿತು, ಕೆಳಗಿನ ಹೊಲ ಒಣಗುತ್ತಿದೆ. ಕಟ್ಟಿಕೊಂಡ ಜಾಗವನ್ನು ಬಿಟ್ಟು ಮೇಲಿನಿಂದ ಒಂದು ಪಕ್ಕಗಾಲುವೆ ತೋಡಿ ಕೆಳಗೆ ಕೂಡಿಸಿದರೆ ಹೊಲ ಉಳಿಯುತ್ತದೆ. ಬೈಪಾಸ್ ಶಸ್ತ್ರಕ್ರಿಯೆಯೆಂದರೆ ಇಷ್ಟೇ. ಆದರೆ ಪಕ್ಕಗಾಲುವೆಗೆ ಬೇಕಾದ ನಾಳವನ್ನು ಎಲ್ಲಿಂದ ತರುವುದು?

ಹಳ್ಳಿಯ ವೈದ್ಯರೊಬ್ಬರ ಸಾಹಸ

ಈ ಪ್ರಶ್ನೆಗೆ ಹೆಸರಾಂತ ಉತ್ತರ ಕೊಟ್ಟವರು ಅರ್ಜೆಂಟೀನಾ ದೇಶದ ರೆನೆ ಫವಲೋರೊ. ಲಾ ಪಂಪಾ ಪ್ರಾಂತದ ಹಸಿಂತೊ ಅರಾವುಜ್ ಎಂಬ ಬಯಲುಸೀಮೆಯ ಹಳ್ಳಿಯಲ್ಲಿ ಅವರು 12 ವರ್ಷ ಬಡವರ ವೈದ್ಯರಾಗಿ ದುಡಿದರು. 1962ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್ಕಿಗೆ ಹೋದರು. ಅಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯರು 1958ರಲ್ಲಿ ಕಿರೀಟಧಮನಿಯೊಳಗೆ ಬಣ್ಣದ ದ್ರವವನ್ನು ಬಿಟ್ಟು ಕ್ಷ-ಕಿರಣ ಚಿತ್ರ ತೆಗೆಯುವ ವಿಧಾನವನ್ನು ಕಂಡುಹಿಡಿದಿದ್ದರು. ಅದು ಆಕಸ್ಮಿಕವಾಗಿ ಸಿಕ್ಕ ಭಾಗ್ಯ. ಬೇರೆಡೆ ಬಿಡಬೇಕೆಂದಿದ್ದ ದ್ರವ ಕಿರೀಟಧಮನಿಗೆ ನುಗ್ಗಿತ್ತು, ರೋಗಿ ಉಳಿದುಕೊಂಡರು. ಅಂದಿನಿಂದ ತಡೆ ಎಲ್ಲಿದೆ ಎಂಬುದನ್ನು ಕಣ್ಣಾರೆ ಕಾಣುವುದು ಸಾಧ್ಯವಾಯಿತು.

ಆ ಚಿತ್ರಗಳನ್ನು ದಿನವೂ ನೋಡುತ್ತಿದ್ದ ಫವಲೋರೊ 1967ರ ಮೇ ತಿಂಗಳಲ್ಲಿ ರೋಗಿಯೊಬ್ಬರ ಕಾಲಿನ ಸಿರೆಯನ್ನು ತೆಗೆದು ಹೃದಯದ ಮುಚ್ಚಿದ ಧಮನಿಗೆ ಜೋಡಿಸಿದರು. ಒಳಗಣಕಾಲಿನಿಂದ ತೊಡೆಯ ಸಂದಿನವರೆಗೆ ಚರ್ಮದ ಕೆಳಗೇ ಏರಿಹೋಗುವ ಈ ಸಿರೆ ದೇಹದ ಅತಿ ಉದ್ದವಾದ ಸಿರೆ. ಕಾಲಿನ ರಕ್ತವನ್ನು ಹಿಂದಿರುಗಿಸುವ ಮುಖ್ಯ ಕೆಲಸವನ್ನು ಒಳಗಿನ ದೊಡ್ಡ ಸಿರೆಗಳು ಮಾಡುವುದರಿಂದ ಇದನ್ನು ತೆಗೆದರೂ ಕಾಲು ಕೆಡುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ರಕ್ತ ಹಿಂದಕ್ಕೆ ಜಾರದಂತೆ ಸಿರೆಯೊಳಗೆ ಸಣ್ಣ ಕವಾಟಗಳಿರುತ್ತವೆ; ಆದ್ದರಿಂದ ಅದನ್ನು ತಲೆಕೆಳಗು ಮಾಡಿ ಹೊಲಿಯಬೇಕು. ಭಾರತದಲ್ಲಿ ಈ ಶಸ್ತ್ರಕ್ರಿಯೆಯನ್ನು ಮೊದಲು ನಡೆಸಿದ ಕೀರ್ತಿ 1975ರಲ್ಲಿ ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿದ್ದ ಡಾ. ಕೆ. ಎಂ. ಚೆರಿಯನ್ ಅವರದು.

ಒಂದು ಕಾಲಕ್ಕೆ ನಮ್ಮ ಭಾಗದ ರೋಗಿಗಳು ದೊಡ್ಡ ಬೇನೆಗೆ ಮಿರಜದ ಮಿಷನ್ ಆಸ್ಪತ್ರೆಯ ಹಾದಿ ಹಿಡಿಯುತ್ತಿದ್ದರು. ಇಂದು ಬೆಳಗಾವಿಯ ಕೆ.ಎಲ್.ಇ. ಆಸ್ಪತ್ರೆಯೂ ಕೊಲ್ಹಾಪುರದ ಆಸ್ಪತ್ರೆಗಳೂ ಹತ್ತಿರದಲ್ಲಿವೆ; ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯವರೆಗೆ ಹೋಗಿಬರುವವರೂ ಉಂಟು. ಶಸ್ತ್ರಕ್ರಿಯೆ ದೂರದ ಅದ್ಭುತವಾಗಿ ಉಳಿದಿಲ್ಲ. ಅದರ ನಂತರದ ಎಚ್ಚರ ಮಾತ್ರ ಇನ್ನೂ ನಮ್ಮ ಮನೆಗಳನ್ನು ಪೂರ್ತಿಯಾಗಿ ಮುಟ್ಟಿಲ್ಲ.

ಸಿರೆಯ ಸಂಕಟ

ಸಿರೆ ಸೌಮ್ಯ ಸ್ವಭಾವದ ನಾಳ. ಮಲಗಿದ ಮನುಷ್ಯನ ಸಿರೆಯಲ್ಲಿ ರಕ್ತದ ಒತ್ತಡ ಪಾದರಸದ ಅಳತೆಯಲ್ಲಿ ಸುಮಾರು 10 ಮಿಲಿಮೀಟರು. ಧಮನಿಯಲ್ಲಾದರೋ ಪ್ರತಿ ಮಿಡಿತಕ್ಕೂ 120ರವರೆಗೆ ಏರುತ್ತದೆ. ತವರಿನಲ್ಲಿ ಮೆಲುದನಿಯನ್ನು ಮಾತ್ರ ಕೇಳಿ ಬೆಳೆದ ಹೆಣ್ಣುಮಗಳು ಗದ್ದಲದ ಮನೆಗೆ ಸೊಸೆಯಾಗಿ ಹೋದಂತೆ, ಕಾಲಿನ ಸಿರೆ ಎದೆಗೆ ಬಂದೊಡನೆ ಹಿಂದೆಂದೂ ಕಾಣದ ಹೊಡೆತಕ್ಕೆ ಒಡ್ಡಿಕೊಳ್ಳುತ್ತದೆ. ತಾಳಿಕೊಳ್ಳಲೆಂದು ಅದು ತನ್ನ ಗೋಡೆಯನ್ನು ದಪ್ಪ ಮಾಡಿಕೊಳ್ಳುತ್ತದೆ. ಧಮನಿಗೆ ಕೂಡಿಸಿದ ಸಿರೆ ಹೀಗೆ ದಪ್ಪವಾಗುವುದನ್ನು 20ನೆಯ ಶತಮಾನದ ಮೊದಲ ದಶಕದಲ್ಲೇ ಅಲೆಕ್ಸಿಸ್ ಕರೆಲ್ ಎಂಬ ಫ್ರೆಂಚ್ ಶಸ್ತ್ರವೈದ್ಯರು ಪ್ರಾಣಿಗಳಲ್ಲಿ ಕಂಡಿದ್ದರು. ರಕ್ತನಾಳಗಳನ್ನು ಹೊಲಿಯುವ ಕಲೆಗಾಗಿ ಅವರಿಗೆ 1912ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಜೋಡಿಸಿದ ಸಿರೆ ಮೂರು ಕಾಲಗಳಲ್ಲಿ ಮೂರು ಬಗೆಯಾಗಿ ಕೆಡುತ್ತದೆ. ಮೊದಲ ತಿಂಗಳಿನಲ್ಲಿ ಕೆಟ್ಟರೆ ಅದಕ್ಕೆ ಕಾರಣ ಹೆಚ್ಚಾಗಿ ಹೆಪ್ಪುಗಟ್ಟಿದ ರಕ್ತ. ಸಿರೆಯನ್ನು ತೆಗೆಯುವಾಗ ಒಳಪೊರೆಗೆ ಆದ ಗಾಯವೂ ಮುಂದಿನ ಧಮನಿ ತೀರ ಸಣ್ಣದಾಗಿರುವುದೂ ಇದಕ್ಕೆ ಎಡೆಮಾಡಿಕೊಡುತ್ತವೆ. ಮೊದಲ ತಿಂಗಳು ಕಳೆದು ವರ್ಷ ತುಂಬುವವರೆಗೆ ಒಳಪೊರೆಯ ಜೀವಕೋಶಗಳು ಮಿತಿಮೀರಿ ಬೆಳೆದು ದಾರಿಯನ್ನು ಕಿರಿದು ಮಾಡುತ್ತವೆ. ವರ್ಷದ ನಂತರ, ಮೊದಲು ಕಿರೀಟಧಮನಿಯನ್ನು ಕೆಡಿಸಿದ ಆ ಹಳೆಯ ಕೊಬ್ಬೇ ಸಿರೆಯಲ್ಲಿಯೂ ಮನೆ ಮಾಡುತ್ತದೆ. ಸಿರೆಯಲ್ಲಿ ಕೂಡುವ ಕೊಬ್ಬು ಧಮನಿಯಲ್ಲಿರುವಂತೆ ಬಿಗಿಯಾಗಿರುವುದಿಲ್ಲ. ಅದು ಮೆತ್ತಗೆ, ಪುಡಿಪುಡಿಯಾಗಿ, ಮುಟ್ಟಿದರೆ ಉದುರುವಂತೆ ಇರುತ್ತದೆ. ಚಿಕಿತ್ಸೆಯ ಕಷ್ಟವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಹಲವು ದೇಶಗಳ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದರೆ, ಜೋಡಿಸಿದ 100 ಸಿರೆಗಳಲ್ಲಿ ಹತ್ತಕ್ಕಿಂತ ಹೆಚ್ಚು ಮೊದಲ ವರ್ಷದಲ್ಲೇ ಮುಚ್ಚುತ್ತವೆ; 10 ವರ್ಷ ಕಳೆಯುವಾಗ ಸುಮಾರು ಅರ್ಧದಷ್ಟು ಮುಚ್ಚಿರುತ್ತವೆ ಅಥವಾ ತೀರ ಕೆಟ್ಟಿರುತ್ತವೆ. ಇದನ್ನು ಓದಿ ಎದೆಗುಂದಬೇಕಾಗಿಲ್ಲ. ಬೈಪಾಸ್ ಮಾಡುವಾಗ ಸಾಮಾನ್ಯವಾಗಿ ಎದೆಗೂಡಿನ ಒಳಗೋಡೆಯ ಧಮನಿಯೊಂದನ್ನೂ ಬಳಸುತ್ತಾರೆ. ರಷ್ಯದ ಲೆನಿನ್‌ಗ್ರಾಡಿನಲ್ಲಿ ವಸಿಲಿ ಕೊಲೆಸೊವ್ 1964ರಲ್ಲಿಯೇ ಅದನ್ನು ಹೃದಯಕ್ಕೆ ಹೊಲಿದು ತೋರಿಸಿದ್ದರು. ಅದು ಹುಟ್ಟಿನಿಂದಲೇ ಧಮನಿಯ ಒತ್ತಡಕ್ಕೆ ಪಳಗಿದ ನಾಳ. 10 ವರ್ಷಗಳ ಮೇಲೂ 100ರಲ್ಲಿ ಸುಮಾರು 90 ತೆರೆದೇ ಇರುತ್ತವೆ. ಹೃದಯದ ಮುಂಭಾಗದ ಮುಖ್ಯ ಧಮನಿಗೆ ಇದನ್ನು ಜೋಡಿಸಿಕೊಂಡವರು ಬರಿಯ ಸಿರೆಗಳನ್ನು ಜೋಡಿಸಿಕೊಂಡವರಿಗಿಂತ ಹೆಚ್ಚು ಕಾಲ ಬದುಕುತ್ತಾರೆಂದು ಕ್ಲೀವ್‌ಲೆಂಡಿನ ವೈದ್ಯರು 1986ರಲ್ಲಿ ತೋರಿಸಿದರು. ಮುಂಗೈಯ ಧಮನಿಯೂ ಸಿರೆಗಿಂತ ಮೇಲೆಂದು 2018ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು ಹೇಳಿತು. ಆದರೂ ಮೂರು ನಾಲ್ಕು ಕಡೆ ತಡೆ ಇರುವಾಗ ಉದ್ದವಾಗಿ, ಸುಲಭವಾಗಿ ಸಿಗುವ ಕಾಲಿನ ಸಿರೆಯ ಉಪಕಾರವನ್ನು ಬಿಡುವಂತಿಲ್ಲ.

ಮತ್ತೆ ಮುಚ್ಚಿದರೆ ಏನು ಗತಿ?

ಬೈಪಾಸ್ ಆದವರಿಗೆ ಮತ್ತೆ ಎದೆನೋವು ಬಂದರೆ, ಹಿಂದೆ ಏರುತ್ತಿದ್ದ ಮೆಟ್ಟಿಲು ಏರುವಾಗ ಉಸಿರು ಕಟ್ಟಿದರೆ, ಕಾರಣವಿಲ್ಲದೆ ದಣಿವು ಹೆಚ್ಚಿದರೆ, ಅದನ್ನು 'ವಾಯು' ಎಂದೋ 'ಪಿತ್ತ' ಎಂದೋ ತಳ್ಳಿಹಾಕಬಾರದು. ಸಕ್ಕರೆ ಬೇನೆ ಇದ್ದವರಿಗೆ ನೋವೇ ಕಾಣದೆ ಹೋಗಬಹುದು. ವೈದ್ಯರು ಇ.ಸಿ.ಜಿ. ಮೊದಲಾದ ಪರೀಕ್ಷೆಗಳನ್ನು ಮಾಡಿ, ಬೇಕೆನಿಸಿದರೆ ಆಂಜಿಯೋಗ್ರಫಿ ಮಾಡಿ ಯಾವ ದಾರಿ ಕೆಟ್ಟಿದೆಯೆಂದು ನೋಡುತ್ತಾರೆ. ಆಮೇಲೆ ಅವರ ಮುಂದೆ ನಾಲ್ಕು ಹಾದಿಗಳಿರುತ್ತವೆ.

ಮೊದಲನೆಯದು ಔಷಧ. ಸಣ್ಣ ದಾರಿಯೊಂದು ಮುಚ್ಚಿದ್ದು, ಹೃದಯಕ್ಕೆ ಹೆಚ್ಚು ಹಾನಿಯಿಲ್ಲವೆಂದು ಕಂಡರೆ ಗುಳಿಗೆಗಳಿಂದಲೇ ನೋವನ್ನು ಹತೋಟಿಗೆ ತರುತ್ತಾರೆ.

ಎರಡನೆಯದು ಸಿರೆಯನ್ನೇ ತೆರೆಯುವುದು. ಜರ್ಮನಿಯಲ್ಲಿ ಹುಟ್ಟಿದ ಆಂಡ್ರಿಯಾಸ್ ಗ್ರುಂಟ್‌ಜಿಗ್ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ 1977ರ ಸೆಪ್ಟೆಂಬರ್ 16ರಂದು ಕಿರೀಟಧಮನಿಯೊಳಗೆ ಪುಟ್ಟ ಬಲೂನೊಂದನ್ನು ಉಬ್ಬಿಸಿ ದಾರಿ ತೆರೆದರು. ಮುಂದೆ 1986ರಿಂದ, ತೆರೆದ ದಾರಿ ಮತ್ತೆ ಕುಸಿಯದಂತೆ ಸ್ಟೆಂಟ್ ಎಂಬ ಲೋಹದ ಜಾಳಿಗೆಯ ಸಣ್ಣ ಕೊಳವೆಯನ್ನು ಇಡುವುದು ಬಳಕೆಗೆ ಬಂದಿತು. ಸಂಕುಚಿತವಾದ ಸಿರೆಗೂ ಇದೇ ಉಪಾಯ. ಆದರೆ ಸಿರೆಯೊಳಗಿನ ಕೊಬ್ಬು ಪುಡಿಪುಡಿಯೆಂದೆನಲ್ಲವೆ? ಬಲೂನು ಒತ್ತಿದೊಡನೆ ಆ ಪುಡಿ ಉದುರಿ, ರಕ್ತದೊಡನೆ ಹರಿದು, ಹೃದಯದ ಕೂದಲೆಳೆಯಂತಹ ನಾಳಗಳನ್ನು ಮುಚ್ಚಬಹುದು. ದೊಡ್ಡ ಬಾಗಿಲು ತೆರೆದರೂ ಒಳಗಿನ ಕೋಣೆಗಳೆಲ್ಲ ಮುಚ್ಚಿದಂತೆ. ಇದಕ್ಕಾಗಿ ಚಿಕಿತ್ಸೆಯ ಜಾಗದಿಂದ ಮುಂದೆ ಬಲೂನಿನ ತಡೆಯನ್ನೋ ಸೋಸುವ ಪುಟ್ಟ ಬುಟ್ಟಿಯನ್ನೋ ಇಟ್ಟು, ಉದುರಿದ್ದನ್ನು ಹೊರಗೆ ತೆಗೆಯುವ ಉಪಕರಣಗಳು ಬಂದವು. 801 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಸಾವು ಹೃದಯಾಘಾತ ಮೊದಲಾದ ಅನಾಹುತಗಳು 30 ದಿನಗಳೊಳಗೆ ಇಂತಹ ರಕ್ಷಣೆಯಿಲ್ಲದವರಲ್ಲಿ 100ಕ್ಕೆ 16.5 ಇದ್ದುದು, ರಕ್ಷಣೆಯಿದ್ದವರಲ್ಲಿ 9.6ಕ್ಕೆ ಇಳಿಯಿತು. ಎಲ್ಲ ಸಿರೆಗಳಿಗೂ ಈ ಉಪಕರಣ ಹೊಂದುವುದಿಲ್ಲ. ಹೊಂದುವಲ್ಲಿ ಅದು ಪ್ರಾಣರಕ್ಷಕ. ಔಷಧ ಲೇಪಿಸಿದ ಸ್ಟೆಂಟು ಧಮನಿಯಲ್ಲಿ ಬರಿಯ ಲೋಹದ ಸ್ಟೆಂಟಿಗಿಂತ ಮೇಲಾದರೂ, ಸಿರೆಯಲ್ಲಿ ಎರಡಕ್ಕೂ ಹೇಳಿಕೊಳ್ಳುವಂತಹ ಅಂತರವಿಲ್ಲವೆಂದು 2018ರಲ್ಲಿ ಅಮೆರಿಕದ ಪರೀಕ್ಷೆಯೊಂದು ತಿಳಿಸಿತು. ಸಿರೆಯ ಸ್ವಭಾವವೇ ಬೇರೆ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಮೂರನೆಯ ಹಾದಿ ಸ್ವಾರಸ್ಯವಾದದ್ದು. ಪಕ್ಕಗಾಲುವೆ ಕೆಟ್ಟಿತೆಂದು ಅದನ್ನೇ ತೋಡುತ್ತ ಕೂಡುವ ಬದಲು, ಎಂದೋ ಕೈಬಿಟ್ಟಿದ್ದ ಮೂಲ ಕಾಲುವೆಯ ಹೂಳನ್ನೇ ತೆಗೆಯುವುದು! ಅಂದರೆ ಹೃದಯದ ಸ್ವಂತ ಧಮನಿಯನ್ನು ತೆರೆದು ಸ್ಟೆಂಟ್ ಇಡುವುದು. ಫವಲೋರೊ ಅವರ ಕಾಲದಲ್ಲಿ ಅಸಾಧ್ಯವಾಗಿದ್ದ ಈ ಕೆಲಸ ಇಂದಿನ ಸೂಕ್ಷ್ಮ ತಂತಿಗಳಿಂದ ಅನೇಕರಲ್ಲಿ ಸಾಧ್ಯವಾಗಿದೆ. ಸಿರೆಯನ್ನು ತೆರೆಯುವುದು ಲೇಸೋ, ಮೂಲ ಧಮನಿಯನ್ನು ತೆರೆಯುವುದು ಲೇಸೋ ಎಂಬ ವಿಷಯದಲ್ಲಿ ವೈದ್ಯರಲ್ಲಿ ಇನ್ನೂ ಚರ್ಚೆ ನಡೆದಿದೆ. ಇಬ್ಬರು ರೋಗಿಗಳಿಗೆ ಒಂದೇ ಉತ್ತರ ಹೊಂದದು.

ನಾಲ್ಕನೆಯದು ಮತ್ತೊಮ್ಮೆ ಎದೆ ತೆರೆಯುವುದು. ಮೊದಲ ಶಸ್ತ್ರಕ್ರಿಯೆಯ ಗಾಯ ಮಾಗಿ ಎದೆಮೂಳೆಯ ಹಿಂದೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಕೆಲಸ ಮಾಡುತ್ತಿರುವ ಹಳೆಯ ನಾಳಕ್ಕೆ ಕತ್ತರಿ ತಗಲುವ ಭಯವಿರುತ್ತದೆ, ರೋಗಿಗೂ ವಯಸ್ಸಾಗಿರುತ್ತದೆ. ಆದ್ದರಿಂದ ಬೇರೆ ಹಾದಿ ಇಲ್ಲದಾಗ, ಅಥವಾ ಹಲವು ದಾರಿಗಳು ಒಟ್ಟಿಗೆ ಕೆಟ್ಟಾಗ ಮಾತ್ರ ಇದನ್ನು ಆರಿಸಿಕೊಳ್ಳುತ್ತಾರೆ.

ಇಬ್ಬರು ಮುತ್ಸದ್ದಿಗಳ ನಿದರ್ಶನ

ಲೋಕವೇ ಬಲ್ಲ ಎರಡು ನಿದರ್ಶನಗಳನ್ನು ನೋಡೋಣ. ಅಮೆರಿಕದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರಿಗೆ 2004ರ ಸೆಪ್ಟೆಂಬರಿನಲ್ಲಿ ನಾಲ್ಕು ಜೋಡಣೆಗಳ ಬೈಪಾಸ್ ಆಯಿತು. ಐದೂವರೆ ವರ್ಷ ತುಂಬುವ ಮೊದಲೇ, 2010ರ ಫೆಬ್ರವರಿಯಲ್ಲಿ, ಮತ್ತೆ ಎದೆಯಲ್ಲಿ ಅಸ್ವಸ್ಥತೆ ಕಾಣಿಸಿತು. ಜೋಡಿಸಿದ್ದ ನಾಳಗಳಲ್ಲಿ ಒಂದು ಪೂರ್ತಿ ಮುಚ್ಚಿತ್ತು. ನ್ಯೂಯಾರ್ಕಿನ ವೈದ್ಯರು ಅದರ ಗೋಜಿಗೆ ಹೋಗದೆ, ಮೂಲ ಧಮನಿಯನ್ನೇ ತೆರೆದು ಎರಡು ಸ್ಟೆಂಟುಗಳನ್ನು ಇಟ್ಟರು. ಮೇಲೆ ಹೇಳಿದ ಮೂರನೆಯ ಹಾದಿ ಇದು. ಕ್ಲಿಂಟನ್ ಅನಂತರ ತಮ್ಮ ಊಟದ ರೀತಿಯನ್ನೇ ಬದಲಿಸಿಕೊಂಡರು.

ನಮ್ಮ ಪ್ರಧಾನಿಗಳಾಗಿದ್ದ ಡಾ. ಮನಮೋಹನ ಸಿಂಗ್ ಅವರಿಗೆ ಮೊದಲ ಬೈಪಾಸ್ ಆದದ್ದು 1990ರಲ್ಲಿ, ಇಂಗ್ಲೆಂಡಿನಲ್ಲಿ. ಮಧ್ಯದಲ್ಲಿ ಸ್ಟೆಂಟ್ ಚಿಕಿತ್ಸೆಯೂ ಬೇಕಾಯಿತು. 2009ರ ಜನವರಿ 24ರಂದು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ರಮಾಕಾಂತ ಪಂಡಾ ಅವರ ನೇತೃತ್ವದ ತಂಡ ಮತ್ತೆ ಎದೆ ತೆರೆದು ಐದು ಹೊಸ ಜೋಡಣೆಗಳನ್ನು ಮಾಡಿತು. ಆಗ ಅವರ ವಯಸ್ಸು 76. ಅದೇ ವರ್ಷದ ಮೇ ತಿಂಗಳಲ್ಲಿ ಅವರು ಎರಡನೆಯ ಸಲ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. 2024ರ ಡಿಸೆಂಬರ್ 26ರಂದು 92ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೊದಲ ಶಸ್ತ್ರಕ್ರಿಯೆಯಿಂದ ಲೆಕ್ಕ ಹಾಕಿದರೆ 34 ವರ್ಷ! ದೇಶದ ದೊಡ್ಡವರಿಗೆ ದೊರೆತ ಆರೈಕೆ ಎಲ್ಲರಿಗೂ ದೊರೆಯದು ನಿಜ. ಆದರೆ ಸಿರೆ ಕೆಟ್ಟರೆ ಬದುಕೇ ಮುಗಿಯಿತೆಂದು ಕೈಚೆಲ್ಲಬೇಕಾಗಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಮನೆಯ ಪಾಲಿನ ಕೆಲಸ

ದುಬಾರಿಯಾದ ಉಪಕರಣಗಳ ಮಾತಾಯಿತು. ಇನ್ನು, ಕರೋಶಿಯ ಮನೆಯಲ್ಲೇ ನಡೆಯಬೇಕಾದ ಕೆಲಸ.

ಬೈಪಾಸ್ ಆದ ಯಜಮಾನರು ಆರು ತಿಂಗಳು ಗುಳಿಗೆಗಳನ್ನು ತಪ್ಪದೆ ನುಂಗುತ್ತಾರೆ. ಮೈ ಹಗುರವಾಗುತ್ತದೆ, ಹೊಲಕ್ಕೆ ಹೋಗಿಬರುತ್ತಾರೆ. ಆಗ ಮನೆಯಲ್ಲಿ ಮಾತು ಹುಟ್ಟುತ್ತದೆ: "ಆರಾಮ ಅದೀರಿ, ಮತ್ಯಾಕ ಗುಳಿಗಿ?" ಒಂದೊಂದಾಗಿ ಗುಳಿಗೆಗಳು ನಿಲ್ಲುತ್ತವೆ. ಆರಾಮವಾಗಿರುವುದು ಗುಳಿಗೆಯಿಂದಲೇ ಎಂಬುದು ಮರೆತುಹೋಗುತ್ತದೆ. ಆಸ್ಪಿರಿನ್ ಎಂಬ ಅಗ್ಗದ ಗುಳಿಗೆ ಸಿರೆಯೊಳಗೆ ರಕ್ತ ಹೆಪ್ಪುಗಟ್ಟದಂತೆ ಕಾಯುತ್ತದೆ. ಸಾಮಾನ್ಯವಾಗಿ ಅದು ಆಜೀವ ಸಂಗಾತಿ. ಕೊಬ್ಬನ್ನು ಇಳಿಸುವ ಸ್ಟಾಟಿನ್ ವರ್ಗದ ಗುಳಿಗೆಯ ಮಹಿಮೆಯನ್ನು 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯೊಂದು ಬೆಳಕಿಗೆ ತಂದಿತು. ಬೈಪಾಸ್ ಆದ 1351 ಜನರಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಬಿಗಿಯಾಗಿ ಇಳಿಸಿದವರ ಸಿರೆಗಳು 100ಕ್ಕೆ 27ರಷ್ಟು ಮಾತ್ರ ಮತ್ತಷ್ಟು ಕೆಟ್ಟವು. ಅಷ್ಟು ಬಿಗಿ ಮಾಡದವರಲ್ಲಿ ಆ ಸಂಖ್ಯೆ 39. ಇಷ್ಟು ವ್ಯತ್ಯಾಸಕ್ಕೆ ಬೇಕಾದದ್ದು ಯಾವ ಶಸ್ತ್ರವೂ ಅಲ್ಲ, ದಿನದ ಗುಳಿಗೆ. ಯಾವುದನ್ನು ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಅವರನ್ನು ಕೇಳದೆ ನಿಲ್ಲಿಸಬಾರದು.

ಎರಡನೆಯ ಮಾತು ನಮ್ಮ ಸೀಮೆಯವರಿಗೆ ಕಹಿಯಾದದ್ದು. ನಿಪ್ಪಾಣಿಯ ತಂಬಾಕಿಗೆ ದೇಶದಲ್ಲೆಲ್ಲ ಹೆಸರುಂಟು. ಅದನ್ನು ಬೆಳೆದು ಎಷ್ಟೋ ಮನೆಗಳು ಉಂಡಿವೆ. ಬೀಡಿ ಕಟ್ಟಿ ಎಷ್ಟೋ ತಾಯಂದಿರು ಮಕ್ಕಳನ್ನು ಓದಿಸಿದ್ದಾರೆ. ಆ ದುಡಿಮೆಗೆ ಅವಮಾನ ಮಾಡುವ ಮಾತಲ್ಲ ಇದು. ಆದರೆ ಎರವಲು ತಂದ ಸಿರೆಗೆ ಬೀಡಿಯ ಹೊಗೆಯಂತಹ ವೈರಿ ಇನ್ನೊಂದಿಲ್ಲ. ಹೊಗೆ ಸಿರೆಯ ಒಳಪೊರೆಯನ್ನು ಸುಡುತ್ತದೆ, ರಕ್ತವನ್ನು ಹೆಪ್ಪುಗಟ್ಟಲು ಹುರಿದುಂಬಿಸುತ್ತದೆ. ಸುಣ್ಣ ಹಚ್ಚಿ ಬಾಯಿಗೆ ಹಾಕುವ ತಂಬಾಕೂ ಸಾಧುವಲ್ಲ. ಎದೆ ಸೀಳಿಸಿಕೊಂಡು ಬಂದ ಅಣ್ಣನ ಕೈಗೆ ಸ್ನೇಹಿತರು ಪ್ರೀತಿಯಿಂದ ಬೀಡಿ ಕೊಟ್ಟರೆ ಅದು ಪ್ರೀತಿಯಲ್ಲ. ಸಕ್ಕರೆ, ರಕ್ತದ ಒತ್ತಡ ಇವೆರಡನ್ನೂ ಹತೋಟಿಯಲ್ಲಿಡಬೇಕು. ವೈದ್ಯರು ಹೇಳಿದಷ್ಟು ದಿನವೂ ನಡೆಯಬೇಕು.

ಮೂರನೆಯ ಮಾತು ತೀರ ಸಣ್ಣದು, ಆದರೆ ಬಹಳ ಜನ ಮರೆಯುವಂಥದು. ಆಸ್ಪತ್ರೆಯಿಂದ ಬಿಡುವಾಗ ಕೊಡುವ ಕಾಗದಗಳಲ್ಲಿ ಎಷ್ಟು ಜೋಡಣೆಗಳಾದವು, ಯಾವ ನಾಳವನ್ನು ಯಾವ ಧಮನಿಗೆ ಹೊಲಿದರು ಎಂಬ ವಿವರವಿರುತ್ತದೆ. ಹತ್ತು ವರ್ಷದ ಮೇಲೆ ಬೇರೊಂದು ಊರಿನ ಬೇರೊಬ್ಬ ವೈದ್ಯರ ಮುಂದೆ ಮಲಗಿದಾಗ ಆ ಕಾಗದವೇ ನಕ್ಷೆ. ಅದು ಇಲ್ಲದಿದ್ದರೆ ಜೋಡಣೆಗಳನ್ನು ಒಂದೊಂದಾಗಿ ಹುಡುಕುತ್ತ ಹೆಚ್ಚು ಬಣ್ಣದ ದ್ರವವನ್ನು ಬಿಡಬೇಕಾಗುತ್ತದೆ, ಹೆಚ್ಚು ಹೊತ್ತು ಹಿಡಿಯುತ್ತದೆ. ಮೂತ್ರಪಿಂಡ ಬಲವಿಲ್ಲದವರಿಗೆ ಆ ದ್ರವ ಒಳ್ಳೆಯದಲ್ಲ. ಹೊಲದ ಉತಾರೆಯನ್ನು ಟ್ರಂಕಿನಲ್ಲಿ ಜೋಪಾನ ಮಾಡುವ ನಾವು ಎದೆಯ ಉತಾರೆಯನ್ನು ದೀಪಾವಳಿಯ ಕಸದೊಡನೆ ಎಸೆಯುವುದು ಸರಿಯೆ?

ಹಣದ ಮಾತನ್ನೂ ಮರೆಯುವಂತಿಲ್ಲ. ಸಹಕಾರಿ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತುಹೋಗಿ, 2022ರಲ್ಲಿ ಮರಳಿ ಘೋಷಣೆಯಾಯಿತು. ಬಡ ಕುಟುಂಬಗಳಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆ ಉಂಟು. ಯಾವ ಚಿಕಿತ್ಸೆಗೆ ಎಷ್ಟು ನೆರವು ಸಿಗುವುದೆಂಬುದನ್ನು ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರಲ್ಲಿ ಮೊದಲೇ ವಿಚಾರಿಸಬೇಕು. ನೋವು ಬಂದ ರಾತ್ರಿ ಕಾಗದ ಹುಡುಕುವುದು ಬೇಡ. ಅಂದು ಮಾಡಬೇಕಾದದ್ದು ಒಂದೇ: ತಡಮಾಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯುವುದು.

ಪಕ್ಕಗಾಲುವೆ ತೋಡುವುದು ಒಂದು ದಿನದ ಕೆಲಸ. ಅದರಲ್ಲಿ ಹೂಳು ಕೂಡದಂತೆ ನೋಡಿಕೊಳ್ಳುವುದು ವರ್ಷವರ್ಷದ ಕೆಲಸ. ಮೊದಲನೆಯದು ಶಸ್ತ್ರವೈದ್ಯರ ಪಾಲಿನದು. ಎರಡನೆಯದು ರೋಗಿಯದು, ಆತನ ಹೆಂಡತಿ ಮಕ್ಕಳದು, ಕಟ್ಟೆಯ ಮೇಲಿನ ಗೆಳೆಯರದು. ಕಾಲಿನಿಂದ ಎರವಲು ತಂದ ಸಿರೆ ತನಗೆ ಒಗ್ಗದ ಜಾಗದಲ್ಲಿ ಹಗಲಿರುಳು ದುಡಿಯುತ್ತಿದೆ. ಅದರ ದುಡಿಮೆಗೆ ನೆರವಾಗುವುದು ಎಲ್ಲರೂ ತೀರಿಸಬೇಕಾದ ಋಣ.